ದೇವರು ವರ ಕೊಟ್ಟರೂ ಪೂಜಾರಿ ಕೊಡದಿದ್ದರೆ: ಅಮೆರಿಕದಲ್ಲಿ ಫಲಿತಾಂಶಕ್ಕೆ ಸಹಿ ಹಾಕುವವರು ಯಾರು?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ನಮ್ಮಲ್ಲಿರುವಂತಹ ಚುನಾವಣಾ ಆಯೋಗ ಇಲ್ಲ ಎನ್ನುತ್ತಾರೆ. ಹಾಗಾದರೆ ಗೆದ್ದವರು ಯಾರೆಂದು ಅಲ್ಲಿ ಅಧಿಕೃತವಾಗಿ ಹೇಳುವವರು ಯಾರು? ಸೋತವರು ಒಪ್ಪದೆ ಹಟ ಹಿಡಿದರೆ ಫಲಿತಾಂಶವನ್ನೇ ಬದಲಿಸಲು ಸಾಧ್ಯವೇ?

ಉತ್ತರ: ನೀವು ಕೇಳಿರುವುದು ನಿಜ. ಇಡೀ ದೇಶಕ್ಕೆ ಚುನಾವಣೆ ನಡೆಸಿಕೊಡುವ ಒಂದು ಸಂಸ್ಥೆ ಅಮೆರಿಕದಲ್ಲಿ ಇಲ್ಲ. ಫೆಡರಲ್ ಎಲೆಕ್ಷನ್ ಕಮಿಷನ್ ಎಂಬ ಹೆಸರು ಕೇಳಿದವರು ಅದನ್ನು ನಮ್ಮ ಆಯೋಗದ ತದ್ರೂಪವೆಂದು ಭಾವಿಸುವುದುಂಟು. ಆದರೆ ಅದರ ಕೆಲಸ ಅಭ್ಯರ್ಥಿಗಳು ಸಂಗ್ರಹಿಸುವ ಮತ್ತು ಖರ್ಚು ಮಾಡುವ ಹಣದ ಮೇಲೆ ಕಣ್ಣಿಡುವುದು ಮಾತ್ರ. ಚುನಾವಣೆ ನಡೆಸುವ ಹೊಣೆಯನ್ನು ಅಲ್ಲಿನ ಸಂವಿಧಾನ ರಾಜ್ಯಗಳಿಗೆ ಒಪ್ಪಿಸಿದೆ, ರಾಜ್ಯಗಳು ಅದನ್ನು ನಮ್ಮ ಜಿಲ್ಲೆಗಳಂತಹ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿಗೂ, ಕೆಲವೆಡೆ ಪಟ್ಟಣ ಆಡಳಿತಗಳಿಗೂ ಹಂಚಿವೆ. ಚುನಾವಣೆಯ ರಾತ್ರಿ ಟಿ.ವಿ.ಯಲ್ಲಿ ‘ಇಂಥವರು ಗೆದ್ದರು’ ಎಂದು ಹೇಳುವುದು ಅಸೋಸಿಯೇಟೆಡ್ ಪ್ರೆಸ್‌ನಂತಹ ಸುದ್ದಿಸಂಸ್ಥೆಗಳ ಲೆಕ್ಕಾಚಾರವೇ ಹೊರತು ಕಾನೂನಿನ ಘೋಷಣೆಯಲ್ಲ.

ಕಾನೂನಿನ ಕೆಲಸ ಆರಂಭವಾಗುವುದು ಕ್ಯಾಮೆರಾಗಳು ಹೊರಟುಹೋದ ಮೇಲೆ. ಕೌಂಟಿಯ ಒಂದು ಪುಟ್ಟ ಮಂಡಳಿ ಪ್ರತಿ ಮತಗಟ್ಟೆಯ ಲೆಕ್ಕವನ್ನು ತಾಳೆ ನೋಡುತ್ತದೆ: ಹಾಜರಿ ಪುಸ್ತಕದಲ್ಲಿರುವ ಮತದಾರರೆಷ್ಟು, ಪೆಟ್ಟಿಗೆಯಲ್ಲಿ ಸಿಕ್ಕ ಮತಪತ್ರಗಳೆಷ್ಟು, ಯಂತ್ರ ತೋರಿಸಿದ ಮೊತ್ತವೆಷ್ಟು ಎಂಬುದೆಲ್ಲ ಹೊಂದುತ್ತದೆಯೇ ಎಂದು ಪರಿಶೀಲಿಸಿ, ಫಲಿತಾಂಶವನ್ನು ದೃಢೀಕರಿಸಿ, ಸಹಿ ಹಾಕಿ ರಾಜ್ಯಕ್ಕೆ ಕಳಿಸುತ್ತದೆ. ರಾಜ್ಯಮಟ್ಟದಲ್ಲಿ ಮತ್ತೊಂದು ಸಹಿ ಬೀಳುತ್ತದೆ. ಅಧ್ಯಕ್ಷೀಯ ಚುನಾವಣೆಯಾದರೆ ಆನಂತರ ಎಲೆಕ್ಟರ್‌ಗಳು, ಅಂದರೆ ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯದಿಂದ ಆಯ್ಕೆಯಾದ ಪ್ರತಿನಿಧಿಗಳು, ಮತ ಹಾಕಿ, ಜನವರಿ 6ರಂದು ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಆ ಮತಗಳ ಎಣಿಕೆ ನಡೆಯುತ್ತದೆ. ನಮ್ಮಲ್ಲಿ ಚುನಾವಣಾಧಿಕಾರಿಯು ಎಣಿಕೆ ಮುಗಿದ ದಿನವೇ ಗೆದ್ದವರ ಕೈಗೆ ಪ್ರಮಾಣಪತ್ರ ಕೊಟ್ಟು ಮುಗಿಸುವ ಕೆಲಸಕ್ಕೆ ಅಲ್ಲಿ ಎರಡು ತಿಂಗಳ ಮೆಟ್ಟಿಲುಗಳಿವೆ ಎಂದರೂ ಸರಿಯೇ.

ಹೀಗೆ ಚದುರಿಹೋಗಿರುವುದರಿಂದ ಒಂದು ಲಾಭವಿದೆ. ಎಲ್ಲೋ ಒಂದು ಕೋಣೆಯಲ್ಲಿ ಕುಳಿತು ದೇಶದ ಮತಗಳನ್ನೆಲ್ಲ ತಿರುಚಲು ಆಗದು. 2020ರಲ್ಲಿ ಜಾರ್ಜಿಯಾದ ಸುಮಾರು 50 ಲಕ್ಷ ಮತಗಳನ್ನು ಮೂರು ಬಾರಿ, ಅದರಲ್ಲಿ ಒಂದು ಬಾರಿ ಪೂರ್ತಿ ಕೈಯಿಂದಲೇ ಎಣಿಸಲಾಯಿತು. ಮೂರು ಬಾರಿಯೂ ಗೆದ್ದವರು ಡೆಮಾಕ್ರಟಿಕ್ ಪಕ್ಷದ ಬೈಡನ್, ಸೋತವರು ಆಗಿನ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ಟ್ರಂಪ್. ಹಾಗಾಗಿ, ನನ್ನ ಅಭಿಪ್ರಾಯದಲ್ಲಿ, ಅಮೆರಿಕದ ಚುನಾವಣೆಯ ದುರ್ಬಲ ಜಾಗ ಎಣಿಕೆಯಲ್ಲಿ ಇಲ್ಲ, ಎಣಿಕೆಯ ನಂತರದ ಸಹಿಯಲ್ಲಿದೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಗುಮಾಸ್ತಗಿರಿಯೆಂದೇ ಎಲ್ಲರೂ ತಿಳಿದಿದ್ದ ಆ ಸಹಿಯನ್ನು ‘ಹಾಕಲೂಬಹುದು, ಬಿಡಲೂಬಹುದು’ ಎಂಬ ಅಧಿಕಾರವಾಗಿ ಮಾಡಿಕೊಳ್ಳುವ ಪ್ರಯತ್ನ 2020ರ ಈಚೆಗೆ ಮತ್ತೆ ಮತ್ತೆ ನಡೆದಿದೆ.

ಮಿಷಿಗನ್ ರಾಜ್ಯದ ವೇಯ್ನ್ ಕೌಂಟಿಯನ್ನು ನೋಡೋಣ; ಡೆಟ್ರಾಯಿಟ್ ನಗರ ಇರುವುದು ಇಲ್ಲೇ. ಮಂಡಳಿಯಲ್ಲಿ ಇಬ್ಬರು ರಿಪಬ್ಲಿಕನ್ನರು, ಇಬ್ಬರು ಡೆಮಾಕ್ರಟರು. 2020ರ ನವೆಂಬರ್ 17ರಂದು ಅವರು 2–2 ಎಂದು ಒಡೆದುಹೋದರು. ಡೆಟ್ರಾಯಿಟ್‌ನ ಅನೇಕ ಮತಗಟ್ಟೆಗಳಲ್ಲಿ ಹಾಜರಿಗೂ ಮತಪತ್ರಗಳಿಗೂ ತಾಳೆಯಾಗುತ್ತಿಲ್ಲ ಎಂಬುದು ಇಬ್ಬರು ರಿಪಬ್ಲಿಕನ್ನರ ಆಕ್ಷೇಪ. ವ್ಯತ್ಯಾಸ ಇದ್ದದ್ದು ನಿಜ, ಆದರೆ ಎರಡೂವರೆ ಲಕ್ಷದಷ್ಟು ಮತಗಳಲ್ಲಿ ಅದು ಕೆಲವು ನೂರರಷ್ಟು. ಸರದಿಯಲ್ಲಿ ನಿಂತು ಬೇಸತ್ತವರು ಹೆಸರು ಬರೆಸಿ ಮತ ಹಾಕದೆ ಹೊರಟುಹೋದರೂ ಇಂಥ ವ್ಯತ್ಯಾಸ ಬರುತ್ತದೆ. ಡೆಟ್ರಾಯಿಟ್ ಒಂದನ್ನು ಬಿಟ್ಟು ಉಳಿದ ಊರುಗಳ ಮತಗಳನ್ನು ದೃಢೀಕರಿಸಬಹುದು ಎಂದು ಒಬ್ಬ ಸದಸ್ಯೆ ಹೇಳಿದಾಗ, ಕಪ್ಪು ಜನರೇ ಹೆಚ್ಚಿರುವ ನಗರವನ್ನು ಮಾತ್ರ ಬದಿಗಿಡುವುದರ ಅರ್ಥವೇನೆಂದು ನಾಗರಿಕರು ಆನ್‌ಲೈನ್ ಸಭೆಯಲ್ಲಿ ಗಂಟೆಗಟ್ಟಲೆ ತರಾಟೆಗೆ ತೆಗೆದುಕೊಂಡರು. ಅದೇ ರಾತ್ರಿ ನಾಲ್ವರೂ ದೃಢೀಕರಿಸಿದರು. ಅಧ್ಯಕ್ಷ ಟ್ರಂಪ್ ಅವರಿಂದ ಫೋನ್ ಕರೆ ಬಂದ ಮೇಲೆ, ಮಾರನೆಯ ದಿನ, ಆ ಇಬ್ಬರೂ ತಮ್ಮ ಮತವನ್ನು ಹಿಂದೆ ಪಡೆಯುವುದಾಗಿ ಅಫಿಡವಿಟ್ ಬರೆದುಕೊಟ್ಟರು. ಆದರೆ ಅಷ್ಟರಲ್ಲಿ ಕಾಲ ಮೀರಿತ್ತು.

ಆರು ದಿನಗಳ ನಂತರ ರಾಜ್ಯದ ಮಂಡಳಿಯ ಸರದಿ. ಇಲ್ಲಿಯೂ ಇಬ್ಬರು ಇಬ್ಬರು. ಡೆಮಾಕ್ರಟರಿಬ್ಬರು ಪರ, ಒಬ್ಬ ರಿಪಬ್ಲಿಕನ್ ಸದಸ್ಯ ತಟಸ್ಥ. ಉಳಿದವರು ಆರನ್ ವ್ಯಾನ್ ಲ್ಯಾಂಗವೆಲ್ಡೆ ಎಂಬ, ಅದುವರೆಗೆ ಯಾರೂ ಹೆಸರು ಕೇಳಿರದ ರಿಪಬ್ಲಿಕನ್ ವಕೀಲರು. ಕಾನೂನು ನಮಗೆ ಕೊಡದ ಅಧಿಕಾರವನ್ನು ನಾವು ಚಲಾಯಿಸಬಾರದು ಎಂಬ ಅರ್ಥದ ಮಾತು ಹೇಳಿ ಅವರು ಪರವಾಗಿ ಮತ ಹಾಕಿದರು. ಸುಮಾರು 1,54,000 ಮತಗಳ ಅಂತರದ ಫಲಿತಾಂಶ ಒಬ್ಬ ವ್ಯಕ್ತಿಯ ನಿಯತ್ತಿನ ಮೇಲೆ ನಿಂತಿತ್ತು. ಅವರ ಅವಧಿ ಮುಗಿದಾಗ ಪಕ್ಷ ಅವರನ್ನು ಮತ್ತೆ ಆ ಸ್ಥಾನಕ್ಕೆ ಹೆಸರಿಸಲಿಲ್ಲ.

ಮುಂದಿನದನ್ನು ನೀವು ಓದಿಯೇ ಇರುತ್ತೀರಿ. ಜಾರ್ಜಿಯಾದಲ್ಲಿ 11,779 ಮತಗಳಿಂದ ಸೋತಿದ್ದ ಟ್ರಂಪ್, 2021ರ ಜನವರಿ 2ರಂದು ಅಲ್ಲಿನ ಸೆಕ್ರೆಟರಿ ಆಫ್ ಸ್ಟೇಟ್ (ರಾಜ್ಯದ ಚುನಾವಣೆಗಳ ಮುಖ್ಯಾಧಿಕಾರಿ) ಬ್ರ್ಯಾಡ್ ರಾಫೆನ್ಸ್‌ಪರ್ಗರ್ ಅವರಿಗೆ ಫೋನ್ ಮಾಡಿ 11,780 ಮತ ‘ಹುಡುಕಿಕೊಡಿ’ ಎಂದರು. ರಿಪಬ್ಲಿಕನ್ನರೇ ಆದ ಅವರು ಒಪ್ಪಲಿಲ್ಲ. ಜನವರಿ 6ರಂದು ಗುಂಪು ಸಂಸತ್ ಭವನಕ್ಕೆ ನುಗ್ಗಿತು, ಉಪಾಧ್ಯಕ್ಷ ಪೆನ್ಸ್ ಎಲೆಕ್ಟರ್ ಮತಗಳನ್ನು ತಳ್ಳಿಹಾಕಲು ನಿರಾಕರಿಸಿದರು, ಎಣಿಕೆ ಮುಗಿದಾಗ ಮಾರನೆಯ ಬೆಳಗಿನ ಜಾವವಾಗಿತ್ತು. ನ್ಯಾಯವಾಗಿ ಒಂದು ಮಾತು ಸೇರಿಸಬೇಕು: 2001, 2005 ಮತ್ತು 2017ರಲ್ಲಿ ಕೆಲವು ಡೆಮಾಕ್ರಟಿಕ್ ಸದಸ್ಯರೂ ಇದೇ ಎಣಿಕೆಯಲ್ಲಿ ಆಕ್ಷೇಪ ಎತ್ತಿದ್ದರು. ಆದರೆ ಆಗೆಲ್ಲ ಸೋತ ಅಭ್ಯರ್ಥಿ ಸೋಲೊಪ್ಪಿಕೊಂಡಾಗಿತ್ತು.

ಆ ಎಣಿಕೆಯ ನಿಯಮಗಳಿದ್ದದ್ದು 1887ರ ಒಂದು ಗೋಜಲು ಕಾಯಿದೆಯಲ್ಲಿ. 2022ರ ಡಿಸೆಂಬರ್‌ನಲ್ಲಿ ಎರಡೂ ಪಕ್ಷಗಳು ಸೇರಿ ಅದನ್ನು ತಿದ್ದಿದವು. ಉಪಾಧ್ಯಕ್ಷರ ಪಾತ್ರ ಕೇವಲ ವಿಧ್ಯುಕ್ತವಾದದ್ದು ಎಂದು ಸ್ಪಷ್ಟವಾಗಿ ಬರೆಯಲಾಯಿತು. ಮೊದಲು ಪ್ರತಿ ಸದನದ ಒಬ್ಬೊಬ್ಬ ಸದಸ್ಯರ ಸಹಿಯಿದ್ದರೆ ಸಾಕಾಗಿದ್ದ ಆಕ್ಷೇಪಕ್ಕೆ ಈಗ ಪ್ರತಿ ಸದನದ ಐದನೇ ಒಂದು ಭಾಗದಷ್ಟು ಸದಸ್ಯರ ಬೆಂಬಲ ಬೇಕು. ಮೇಲಿನ ಮೆಟ್ಟಿಲು ಹೀಗೆ ಗಟ್ಟಿಯಾಯಿತು.

ಕೆಳಗಿನ ಮೆಟ್ಟಿಲಿನ ಕಥೆ ಬೇರೆ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ನ್ಯೂ ಮೆಕ್ಸಿಕೋದ ಒಟೆರೋ ಕೌಂಟಿ 2022ರ ಜೂನ್‌ನಲ್ಲಿ ಅಕ್ಷರಶಃ ಆಡಿ ತೋರಿಸಿತು. ಕೌಂಟಿಯ ಆಡಳಿತ ನಡೆಸುವ ಮೂವರು ಕಮಿಷನರ್‌ಗಳೂ ರಿಪಬ್ಲಿಕನ್ನರು. ಮತಯಂತ್ರಗಳ ಮೇಲೆ ನಂಬಿಕೆಯಿಲ್ಲವೆಂದು, ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆಯ ಏಳು ಸಾವಿರಕ್ಕೂ ಹೆಚ್ಚು ಮತಗಳನ್ನು ದೃಢೀಕರಿಸದೆ ಕುಳಿತರು. ರಾಜ್ಯದ ಸುಪ್ರೀಂ ಕೋರ್ಟ್ ಆದೇಶ ಮಾಡಿದ ಮೇಲೆ ಇಬ್ಬರು ಮಣಿದರು. ಮೂರನೆಯವರಾದ ಕೋಯ್ ಗ್ರಿಫಿನ್ ಆ ದಿನ ಊರಲ್ಲಿರಲಿಲ್ಲ. ಜನವರಿ 6ರ ಪ್ರಕರಣದಲ್ಲಿ ಶಿಕ್ಷೆ ಕೇಳಿಸಿಕೊಳ್ಳಲು ವಾಷಿಂಗ್ಟನ್‌ಗೆ ಹೋಗಿದ್ದವರು ಅಲ್ಲಿಂದಲೇ ಫೋನ್‌ನಲ್ಲಿ ‘ಇಲ್ಲ’ ಎಂದರು. ತಮ್ಮ ಬಳಿ ಸಾಕ್ಷ್ಯವಿಲ್ಲ, ಆದರೆ ಒಳಮನಸ್ಸು ಹೇಳುತ್ತಿದೆ, ಅಷ್ಟು ಸಾಕು ಎಂಬುದು ಅವರ ವಾದವಾಗಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಅರಿಜೋನಾದ ಕೊಚೀಸ್ ಕೌಂಟಿ ದೃಢೀಕರಣದ ಗಡುವು ಮೀರಿಸಿತು. ಅಲ್ಲಿನ ಸುಮಾರು 47,000 ಮತಗಳು ಲೆಕ್ಕಕ್ಕೆ ಬಾರದೆ ಹೋಗಿದ್ದರೆ ನಷ್ಟವಾಗುತ್ತಿದ್ದುದು ಹೆಚ್ಚಾಗಿ ರಿಪಬ್ಲಿಕನ್ ಅಭ್ಯರ್ಥಿಗಳಿಗೇ. ತಮ್ಮ ಕಾಲ ಮೇಲೆ ತಾವೇ ಕೊಡಲಿ ಹಾಕಿಕೊಳ್ಳುವ ಈ ಹಟವನ್ನೂ ಬಿಡಿಸಿದ್ದು ನ್ಯಾಯಾಲಯವೇ.

ಸಹಿ ಹಾಕುವವರ ಮೇಲಿನ ಒತ್ತಡದಷ್ಟೇ ಎಣಿಸುವವರ ಮೇಲಿನ ಭಯವೂ ಮುಖ್ಯ. ಅಟ್ಲಾಂಟಾದಲ್ಲಿ ಮತ ಎಣಿಸುತ್ತಿದ್ದ ತಾಯಿ-ಮಗಳು ಪೆನ್ ಡ್ರೈವ್ ಕೈಬದಲಾಯಿಸಿಕೊಂಡರು ಎಂದು ಟ್ರಂಪ್ ಅವರ ವಕೀಲ ರೂಡಿ ಜೂಲಿಯಾನಿ ಆರೋಪಿಸಿದರು. ತಾಯಿ ಮಗಳಿಗೆ ಕೊಟ್ಟದ್ದು ಒಂದು ಶುಂಠಿ ಪೆಪ್ಪರಮಿಂಟು. ಬೆದರಿಕೆಗಳ ಕಾಟಕ್ಕೆ ತಾಯಿ ಮನೆ ಬಿಟ್ಟು ಹೋಗಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಜ್ಯೂರಿ ಅವರಿಬ್ಬರಿಗೆ 14.8 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಆದರೆ ಮುಂದಿನ ಚುನಾವಣೆಯಲ್ಲಿ ದಿನಗೂಲಿಗೆ ಎಣಿಕೆಗೆ ಕೂರಲು ಯಾರು ಮುಂದೆ ಬರುತ್ತಾರೆ ಎಂಬ ಪ್ರಶ್ನೆಗೆ ಆ ಹಣ ಉತ್ತರವಲ್ಲ.

ಸಹಿ, ಎಣಿಕೆಗಳ ಜೊತೆಗೆ ಚುನಾವಣೆಯ ನಿಯಮ ಮಾಡುವವರು ಯಾರು ಎಂಬ ಎಳೆದಾಟವೂ ಇದೆ. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಒಂದು ಕಾರ್ಯಾದೇಶ ಹೊರಡಿಸಿ, ಮತದಾರರ ನೋಂದಣಿಯ ಕೇಂದ್ರದ ಅರ್ಜಿಗೆ ಪೌರತ್ವದ ದಾಖಲೆ ಲಗತ್ತಿಸಬೇಕು ಎಂದರು. ಅದರ ಪೀಠಿಕೆಯಲ್ಲಿ ಭಾರತದ ಹೆಸರೂ ಇದೆ: ಭಾರತ ಮತದಾರರ ಗುರುತನ್ನು ಬಯೋಮೆಟ್ರಿಕ್ ದತ್ತಾಂಶಕ್ಕೆ ಜೋಡಿಸುತ್ತಿದೆಯಂತೆ. ನಮ್ಮಲ್ಲಿ ಆ ಜೋಡಣೆ ಐಚ್ಛಿಕವೆಂಬುದನ್ನೂ, ಆಧಾರ್ ಪೌರತ್ವದ ಪುರಾವೆಯೇ ಅಲ್ಲವೆಂಬುದನ್ನೂ ಬರೆದವರು ಗಮನಿಸಿದಂತಿಲ್ಲ. ಚುನಾವಣಾ ನಿಯಮ ಮಾಡುವ ಅಧಿಕಾರ ರಾಜ್ಯಗಳದ್ದು ಮತ್ತು ಸಂಸತ್ತಿನದ್ದು, ಅಧ್ಯಕ್ಷರದ್ದಲ್ಲ ಎಂದು ನ್ಯಾಯಾಲಯ ಆ ದಾಖಲೆಯ ಷರತ್ತನ್ನು ತಡೆಯಿತು.

ನಿಮ್ಮ ಕೊನೆಯ ಪ್ರಶ್ನೆಗೆ ಬಂದರೆ, ಅಧ್ಯಕ್ಷೀಯ ಫಲಿತಾಂಶವನ್ನು ಕೊನೆಯ ಹಂತದಲ್ಲಿ ಬದಲಿಸುವುದು 2020ಕ್ಕಿಂತ ಈಗ ಕಷ್ಟ. ಆದರೆ 2022ರ ಕಾಯಿದೆ ಅನ್ವಯಿಸುವುದು ಅಧ್ಯಕ್ಷೀಯ ಚುನಾವಣೆಗೆ ಮಾತ್ರ. ಸಂಸತ್ತಿನ ಸದಸ್ಯರು, ಗವರ್ನರ್‌ಗಳು, ನ್ಯಾಯಾಧೀಶರ ಆಯ್ಕೆಯಲ್ಲಿ ಸಹಿಯ ಹೊಣೆ ಇಂದಿಗೂ ಆಯಾ ರಾಜ್ಯದ ಕಾನೂನಿಗೆ ಬಿಟ್ಟದ್ದು. ದೃಢೀಕರಿಸುವುದು ಕರ್ತವ್ಯ, ವಿವೇಚನೆಯಲ್ಲ ಎಂದು ಮಿಷಿಗನ್‌ನ ಮತದಾರರು 2022ರಲ್ಲಿ ತಮ್ಮ ರಾಜ್ಯದ ಸಂವಿಧಾನದಲ್ಲೇ ಬರೆಸಿದರು. ಜಾರ್ಜಿಯಾದಲ್ಲಿ ಅದೇ ಮಾತನ್ನು 2024ರ ಅಕ್ಟೋಬರ್‌ನಲ್ಲಿ ಒಬ್ಬ ನ್ಯಾಯಾಧೀಶರು ಹೇಳಬೇಕಾಗಿ ಬಂತು, ಅದೂ ಮತದಾನಕ್ಕೆ ಮೂರು ವಾರಗಳಷ್ಟೇ ಇದ್ದಾಗ.