ಸ್ಕಿಲಾಂದಿಸ್ ಹೊಗೆಯಲ್ಲಿ ಬೆಂದಿರುತ್ತದೆಯೇ?

ಪ್ರಶ್ನೆ: ಲಿಥುವೇನಿಯಾದಲ್ಲಿ ಓದುತ್ತಿದ್ದೇನೆ. ಅಂಗಡಿಯಿಂದ ಸ್ಕಿಲಾಂದಿಸ್ (ಹಂದಿಯ ಹೊಟ್ಟೆಚೀಲಕ್ಕೆ ಮಾಂಸ ತುಂಬಿ, ಹೊಗೆ ಕೊಟ್ಟು ಒಣಗಿಸಿದ ಇಲ್ಲಿನ ತಿನಿಸು) ತಂದೆ. ಹಾಗೇ ತಿನ್ನಬಹುದೇ, ಬೇಯಿಸಬೇಕೇ?

ಹಾಗೇ ತಿನ್ನಿ. ಮೇಲಿನ ಚರ್ಮ ಸುಲಿದು, ತೆಳ್ಳಗೆ ಹೆಚ್ಚಿ, ಕಪ್ಪು ರೈ ಬ್ರೆಡ್ಡಿನ ಜೊತೆ. ಬೇಯಿಸಿದರೆ ಕೊಬ್ಬು ಕರಗಿಹೋಗಿ ಬರೀ ಉಪ್ಪು ಉಳಿಯುತ್ತದೆ.

ಇಷ್ಟು ಹೇಳಿದ ಕೂಡಲೇ "ಹೌದಲ್ಲ, ಹೊಗೆಯಲ್ಲೇ ಬೆಂದಿರುತ್ತೆ" ಅನ್ನುವವರು ಇದ್ದೇ ಇರುತ್ತಾರೆ. ಇಲ್ಲ ಮಾರಾಯರೇ, ಬೆಂದಿರುವುದಿಲ್ಲ! ಅದಕ್ಕೆ ಕೊಡುವುದು ತಣ್ಣನೆಯ ಹೊಗೆ, ಸುಮಾರು 20 ಡಿಗ್ರಿ. ಬೆಂಗಳೂರಿನ ಬೇಸಿಗೆ ಸಂಜೆಯೇ ಅದಕ್ಕಿಂತ ಬಿಸಿ. ಹೊಗೆ 30 ಡಿಗ್ರಿ ದಾಟಿತೋ, ಕೊಬ್ಬು ಬೆವರುತ್ತದೆ, ಹೊರಪದರ ಒಣಗಿ ಬಿಗಿದುಕೊಳ್ಳುತ್ತದೆ, ನೀರು ಒಳಗೇ ಸಿಕ್ಕಿಕೊಂಡು ನಡುಭಾಗ ಕೊಳೆಯುತ್ತದೆ. ಹೊಗೆಯ ಕೆಲಸ ಹೊರಮೈಯದ್ದು: ಬೂಷ್ಟು ತಡೆಯುವುದು, ಕೊಬ್ಬು ಕಮಟದಂತೆ ಕಾಯುವುದು, ಪರಿಮಳ ಕೊಡುವುದು. ಒಳಗಿನ ಮಾಂಸ ಉಳಿಯುವುದು ಉಪ್ಪು ಮತ್ತು ಒಣಗುವಿಕೆಯಿಂದ.

5 ಕೆ.ಜಿ. ಮಾಂಸಕ್ಕೆ 125ರಿಂದ 140 ಗ್ರಾಂ ಉಪ್ಪು ಬೇಕು. ತೂಕ ಮಾಡಿಯೇ ಹಾಕಬೇಕು, ಹಿಡಿ ಲೆಕ್ಕ ನಡೆಯದು. ಹಂದಿಯ ಕೆಂಪು ಮಾಂಸ ದೊಡ್ಡ ತುಂಡು, ಬೆನ್ನಿನ ಕೊಬ್ಬು ಸಣ್ಣ ತುಂಡು, ಜೊತೆಗೆ ಜಜ್ಜಿದ ಬೆಳ್ಳುಳ್ಳಿ, ಕರಿಮೆಣಸು. ತೊಳೆದ ಹೊಟ್ಟೆಚೀಲಕ್ಕೆ ಮುಷ್ಟಿಯಿಂದ ಒತ್ತಿ ತುಂಬುತ್ತಾರೆ. ಎಲ್ಲಾದರೂ ಗಾಳಿ ಉಳಿದರೆ, ಕೊಯ್ದಾಗ ಅಲ್ಲೇ ಬೂದು-ಹಸಿರು ಕಲೆ. ಅದಕ್ಕೇ ಬಾಯಿ ಹೊಲಿದು, ಎರಡು ಹಲಗೆಗಳ ನಡುವೆ ಭಾರ ಹೇರಿಡುವುದು. ಆಮೇಲೆ ವಾರಗಟ್ಟಲೆ ಬಿಟ್ಟು ಬಿಟ್ಟು ಹೊಗೆ, ತಿಂಗಳುಗಟ್ಟಲೆ ಒಣಗುವಿಕೆ. ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ.

ಇನ್ನೊಂದು ಮಾತು. ಹಂದಿಮಾಂಸದಲ್ಲಿ ಇರಬಹುದಾದ, ತಿಂದವರಿಗೆ ಕಾಯಿಲೆ ತರುವ ಟ್ರೈಕಿನೆಲ್ಲಾ ಎಂಬ ಹುಳು ಈ ಹೊಗೆಗೆ ಸಾಯುವುದಿಲ್ಲ. ಅಂಗಡಿಯ ಮಾಲಿಗೆ ಬಳಸುವ ಹಂದಿಮಾಂಸದಲ್ಲಿ ಆ ಹುಳುವಿಗಾಗಿ ತಪಾಸಣೆ ನಡೆದಿರುತ್ತದೆ. ತಪಾಸಣೆಯಾಗದ ಕಾಡುಹಂದಿಯ ಸ್ಕಿಲಾಂದಿಸ್ ಯಾರಾದರೂ ಪ್ರೀತಿಯಿಂದ ಕೊಟ್ಟರೂ ಬೇಡ.

ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ: ಹೊಟ್ಟೆಚೀಲವೇ ಯಾಕೆ? ಇಷ್ಟು ದಪ್ಪದ ಮಾಂಸದ ಗಟ್ಟಿಗೆ ತೆಳು ಕರುಳಿನ ಹೊದಿಕೆಯಾದರೆ ಹೊರಭಾಗ ಬೇಗ ಒಣಗಿ ಬಿರುಸಾಗುತ್ತದೆ. ಹೊಟ್ಟೆಚೀಲದ ದಪ್ಪ ಗೋಡೆ ನೀರನ್ನು ನಿಧಾನವಾಗಿ ಬಿಡುತ್ತದೆ. ಚಳಿಗಾಲದಲ್ಲಿ ಕೊಯ್ದ ಹಂದಿಯನ್ನು ಬೇಸಿಗೆಯ ಹುಲ್ಲುಕೊಯ್ಲಿನ ತನಕ ಉಳಿಸಿಕೊಳ್ಳಬೇಕಿದ್ದ ಹಳ್ಳಿಯವರಿಗೆ ಅದೇ ಬೇಕಿತ್ತು. ಮೇಲೆ ಬಿಳಿ ಒಣಪುಡಿಯಂಥ ಬೂಷ್ಟು ಕಂಡರೆ ಬಟ್ಟೆಯಲ್ಲಿ ಒರೆಸಿ. ಲೋಳೆಯಾದರೆ ಎಸೆಯಿರಿ. ಹೆಬ್ಬೆರಳಲ್ಲಿ ಅದುಮಿದಾಗ ನಡುವೆ ಮೆತ್ತಗಿದ್ದರೆ ಇನ್ನೂ ಒಣಗಿಲ್ಲ ಎಂದರ್ಥ.