ಹೃದಯಾಘಾತದ ಲೆಕ್ಕ ಮತ್ತು ಎಂಬತ್ತು ಕಾಲಮ್‌ಗಳ ಕಾರ್ಡು

ಮುಂದಿನ ಹತ್ತು ವರ್ಷಗಳಲ್ಲಿ ಹೃದಯಾಘಾತವಾಗುವ ಸಾಧ್ಯತೆ ಶೇಕಡಾ ಇಷ್ಟು ಎಂದು ವೈದ್ಯರು ಇಂದು ಲೆಕ್ಕ ಹಾಕಿ ಹೇಳುತ್ತಾರೆ. ವಯಸ್ಸು, ರಕ್ತದೊತ್ತಡ, ಕೊಲೆಸ್ಟ್ರಾಲ್, ಧೂಮಪಾನ ಎಲ್ಲವನ್ನೂ ಒಟ್ಟಿಗೆ ತೂಗಿ ಒಂದೇ ಅಂಕಿಗೆ ಇಳಿಸುವ ಈ ಪದ್ಧತಿ ರೂಪುಗೊಂಡಿದ್ದು 1960ರ ದಶಕದಲ್ಲಿ. ಪಂಚ್ ಕಾರ್ಡಿನಿಂದ, ಅಂದರೆ ರಂಧ್ರಗಳ ಮೂಲಕ ಮಾಹಿತಿ ದಾಖಲಿಸುವ ದಪ್ಪ ಕಾಗದದ ಕಾರ್ಡಿನಿಂದ, ಆಗದ ಕೆಲಸವೊಂದು ಅದಕ್ಕೆ ದಾರಿ ಮಾಡಿಕೊಟ್ಟಿತು.

ಕಾರ್ಡಿಗೂ ವೈದ್ಯಕೀಯಕ್ಕೂ ಮೊದಲಿನಿಂದಲೂ ನಂಟು. ಅಮೆರಿಕದ 1890ರ ಜನಗಣತಿಗೆ ಕಾರ್ಡು ಎಣಿಸುವ ಯಂತ್ರ ಕಟ್ಟಿಕೊಟ್ಟ ಹರ್ಮನ್ ಹಾಲೆರಿತ್‌ಗೆ ಅದರ ಹೊಳಹು ಕೊಟ್ಟವರು ಜಾನ್ ಶಾ ಬಿಲ್ಲಿಂಗ್ಸ್ ಎಂಬ ಸೇನಾ ವೈದ್ಯರು. ಗಣತಿಗೆ ಮುನ್ನ ಹಾಲೆರಿತ್ ಆ ಪದ್ಧತಿಯನ್ನು ಬಾಲ್ಟಿಮೋರ್ ನಗರದ ಮರಣ ದಾಖಲೆಗಳ ಮೇಲೆ ಪ್ರಯೋಗಿಸಿ ನೋಡಿದ್ದರು.

ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಹೃದ್ರೋಗದ ಅಧ್ಯಯನ ಶುರುವಾದಾಗ ಕಾರ್ಡುಗಳು ಎಲ್ಲೆಡೆ ಬಳಕೆಯಲ್ಲಿದ್ದವು. 5,209 ಸ್ತ್ರೀಪುರುಷರನ್ನು ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡಿ, ಯಾರಿಗೆ ಕಾಯಿಲೆ ಬರುತ್ತದೆ ಎಂದು ಕಾದು ನೋಡುವ ಕೆಲಸ ಅದು. ಸುತ್ತು ಸುತ್ತಿಗೂ ದಾಖಲೆ ಬೆಳೆಯುತ್ತಿತ್ತು.

ಒಂದು ಕಾರ್ಡಿನಲ್ಲಿ 80 ಕಾಲಮ್, ಪ್ರತಿ ಕಾಲಮ್ಮಿನಲ್ಲಿ ರಂಧ್ರಕ್ಕೆ 12 ಸ್ಥಾನ. ಮೂರಂಕಿಯ ರಕ್ತದೊತ್ತಡಕ್ಕೆ ಮೂರು ಕಾಲಮ್ ಬೇಕು. ವೈದ್ಯರ ಬರಹವನ್ನು ಮೊದಲು ಅಂಕಿಗಳಿಗೆ ಇಳಿಸಬೇಕು, ಆಮೇಲೆ ಕೀಲಿಮಣೆಯ ಮುಂದೆ ಕುಳಿತವರು ರಂಧ್ರ ಹೊಡೆಯಬೇಕು. ಅದೇ ಹಾಳೆಯನ್ನು ಇನ್ನೊಬ್ಬರು ತಾಳೆ ನೋಡುವ ಯಂತ್ರದಲ್ಲಿ ಮತ್ತೆ ಒತ್ತುತ್ತಿದ್ದರು. ಅಂಕಿ ಹೊಂದದಿದ್ದರೆ ಯಂತ್ರ ತಡೆಯುತ್ತಿತ್ತು. ಅಂದಿನ ಸಂಶೋಧನೆಗಳ ವಿಶ್ವಾಸಾರ್ಹತೆ ನಿಂತಿದ್ದು ಹೀಗೆ ಎರಡೆರಡು ಬಾರಿ ಒತ್ತಿದವರ ಬೆರಳುಗಳ ಮೇಲೆ. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಪ್ರಬಂಧಗಳಲ್ಲಿ ಅವರ ಹೆಸರಿಲ್ಲದಿರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಅಪಾಯ ಇದ್ದದ್ದು ಖಾಲಿ ಜಾಗದಲ್ಲಿ. ಮುಂದೆ ಬಂದ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂಗಳು ಖಾಲಿ ಕಾಲಮನ್ನು ಸೊನ್ನೆಯೆಂದೇ ಓದುತ್ತಿದ್ದವು. ರಕ್ತಪರೀಕ್ಷೆ ತಪ್ಪಿಸಿಕೊಂಡ ವ್ಯಕ್ತಿಯ ಕೊಲೆಸ್ಟ್ರಾಲ್ ಸೊನ್ನೆಯಾಗಿ ಸರಾಸರಿಗೆ ಸೇರಿಬಿಟ್ಟರೆ ಗತಿಯೇನು? ಮಾಹಿತಿ ಇಲ್ಲದ ಕಡೆ ಅದರ ಗುರುತಾಗಿ 99, 999 ಎಂದು ತುಂಬುವ ರೂಢಿ ಆ ಕಾಲದ್ದು; ಇಂದಿನ ಕಡತಗಳಲ್ಲೂ ಅದು ಕಾಣಸಿಗುತ್ತದೆ.

ಇನ್ನು ವಿಂಗಡಣೆ. ಯಂತ್ರದಲ್ಲಿ ಕಾರ್ಡು ಓಡುವಾಗ ಪುಟ್ಟ ಲೋಹದ ಬ್ರಷ್ ರಂಧ್ರದ ಮೂಲಕ ಕೆಳಗಿನ ರೋಲರನ್ನು ಮುಟ್ಟಿದರೆ ವಿದ್ಯುತ್ ಹರಿದು ಕಾರ್ಡು ತನ್ನ ಖಾನೆಗೆ ಬೀಳುತ್ತಿತ್ತು. ಒಂದು ಓಟಕ್ಕೆ ಒಂದೇ ಕಾಲಮ್. ಸಿಗರೇಟು ಸೇದುವವರು ಈ ಕಡೆ, ಸೇದದವರು ಆ ಕಡೆ. ಆಮೇಲೆ ಪ್ರತಿ ಗುಂಪನ್ನೂ ರಕ್ತದೊತ್ತಡದ ಪ್ರಕಾರ ಮತ್ತೆ ಒಡೆಯುವುದು. ಎರಡು ಮೂರು ಅಂಶಗಳವರೆಗೆ ಇದು ಸೊಗಸಾದ ವಿಧಾನ. ಆದರೆ ಏಳು ಅಂಶಗಳನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಮೂರು ಹಂತಗಳಲ್ಲಿ ವಿಂಗಡಿಸಿದರೆ 2,187 ಗುಂಪುಗಳಾಗುತ್ತವೆ. ಕಾಕತಾಳೀಯವೆಂದರೆ, ಫ್ರೇಮಿಂಗ್‌ಹ್ಯಾಮ್‌ನ ಹನ್ನೆರಡು ವರ್ಷಗಳ ವಿಶ್ಲೇಷಣೆಯಲ್ಲಿದ್ದ ಗಂಡಸರ ಸಂಖ್ಯೆಯೂ 2,187. ಸರಾಸರಿ ಗುಂಪಿಗೊಬ್ಬ! ಒಬ್ಬನನ್ನು ನೋಡಿ ರೋಗದ ಪ್ರಮಾಣ ಹೇಳುವುದು ಹೇಗೆ?

ಸಂಖ್ಯಾಶಾಸ್ತ್ರಜ್ಞ ಜೆರೋಮ್ ಕಾರ್ನ್‌ಫೀಲ್ಡ್ ವಿಂಗಡಣೆಯನ್ನೇ ಕೈಬಿಟ್ಟರು. 1962ರಲ್ಲಿ ಅವರು ಕೊಲೆಸ್ಟ್ರಾಲ್ ಮತ್ತು ರಕ್ತದೊತ್ತಡ ಎರಡನ್ನೂ ಒಂದೇ ಸಮೀಕರಣಕ್ಕೆ ತಂದರು. 1967ರಲ್ಲಿ ಜೀನ್ ಟ್ರೂಯೆಟ್ ಮತ್ತು ವಿಲಿಯಂ ಕ್ಯಾನೆಲ್ ಅವರೊಂದಿಗೆ ಅದನ್ನು ಏಳು ಅಂಶಗಳಿಗೆ ವಿಸ್ತರಿಸಿದರು. ಎಲ್ಲರ ದಾಖಲೆಯೂ ಒಟ್ಟಾಗಿ ಪ್ರತಿಯೊಂದು ಅಂಶದ ತೂಕವನ್ನು ನಿರ್ಧರಿಸುವ ವಿಧಾನ ಇದು. ಕೈಯಲ್ಲಿ ಮಾಡಿದರೆ ಮುಗಿಯದ ಇಂಥ ಲೆಕ್ಕಕ್ಕೆ ಅಷ್ಟರಲ್ಲಿ ಕಂಪ್ಯೂಟರ್ ಬಂದಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ವಿಲ್‌ಫ್ರಿಡ್ ಡಿಕ್ಸನ್ ನೇತೃತ್ವದ ತಂಡ ವೈದ್ಯಕೀಯ ಸಂಶೋಧಕರಿಗೆಂದೇ ಸಿದ್ಧ ಪ್ರೋಗ್ರಾಂಗಳನ್ನು 1961ರಲ್ಲಿ ಹೊರತಂದಿತ್ತು. ಅವಕ್ಕೂ ಮಾಹಿತಿ ಉಣಿಸಲು ಬೇಕಾದದ್ದು ಕಾರ್ಡುಗಳ ಕಟ್ಟೇ.

ಫ್ರೇಮಿಂಗ್‌ಹ್ಯಾಮ್‌ನಲ್ಲಿ ಆರಂಭದಲ್ಲಿ ಆಯ್ಕೆಯಾದವರು ಹೆಚ್ಚೂಕಡಿಮೆ ಎಲ್ಲರೂ ಬಿಳಿಯರು. ಎಷ್ಟೇ ಚೆನ್ನಾದ ಸಮೀಕರಣವಾದರೂ ತಾನು ಕಾಣದ ಜನರ ಅಪಾಯವನ್ನು ಸರಿಯಾಗಿ ಹೇಳಲಾರದು. ಬ್ರಿಟನ್ನಿನಲ್ಲಿ 2008ರಲ್ಲಿ ಬಂದ ಕ್ಯೂರಿಸ್ಕ್-2 ಎಂಬ ಲೆಕ್ಕ ಭಾರತೀಯ, ಪಾಕಿಸ್ತಾನಿ, ಬಾಂಗ್ಲಾದೇಶಿ ಮೂಲಗಳನ್ನು ಪ್ರತ್ಯೇಕ ಅಂಶಗಳಾಗಿ ಸೇರಿಸಿಕೊಂಡಿತು. ನಮ್ಮ ವೈದ್ಯರು ಶೇಕಡಾವಾರು ಅಂಕಿಯೊಂದನ್ನು ಹೇಳಿದಾಗ, ಅದು ಯಾವ ಜನರ ದಾಖಲೆಯಿಂದ ಬಂದದ್ದು ಎಂದು ಕೇಳುವ ಹಕ್ಕು ರೋಗಿಗೆ ಇದೆ.