ಸಂಘದ ಅರ್ಜಿಗೆ ಮೊದಲು ಆಗಬೇಕಾದ ಕೆಲಸ

ಕಾರ್ಮಿಕ ಸಂಘ ಕಟ್ಟಬೇಕೆಂದು ಸಲಹೆ ಕೇಳಿ ಬರುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅರ್ಜಿಯ ನಮೂನೆಯನ್ನು. ನನ್ನ ದೃಷ್ಟಿಯಲ್ಲಿ ಅದರ ಸರದಿ ಬರುವುದು ಬಹಳ ತಡವಾಗಿ. ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1948ರ 87ನೇ ಒಡಂಬಡಿಕೆಯೂ, ಸಂಘ ಸೇರಿದ ಕಾರಣಕ್ಕೆ ಕೆಲಸ ಕಳೆದುಕೊಳ್ಳದಂತೆ ರಕ್ಷಣೆಯನ್ನು 1949ರ 98ನೇ ಒಡಂಬಡಿಕೆಯೂ ಹೇಳಿವೆ. ಆದರೆ ವಜಾಗೊಂಡವರಿಗೆ ನ್ಯಾಯ ದೊರಕುವ ಹೊತ್ತಿಗೆ, ಮುಂದಾಳನ್ನು ಕಳೆದುಕೊಂಡ ಗುಂಪು ಚದುರಿಹೋಗಿರುತ್ತದೆ. ಆದ್ದರಿಂದಲೇ ಆರಂಭದ ಕೆಲಸ ಸದ್ದಿಲ್ಲದೆ ನಡೆಯಬೇಕು.

ಯಾವ ವಿಭಾಗದಲ್ಲಿ, ಯಾವ ಪಾಳಿಯಲ್ಲಿ ಎಷ್ಟು ಜನರಿದ್ದಾರೆ, ಯಾರು ಯಾರೊಡನೆ ಊಟಕ್ಕೆ ಕೂರುತ್ತಾರೆ, ರಜೆಯ ತಕರಾರು ಬಂದಾಗ ಉಳಿದವರು ಯಾರನ್ನು ಕೇಳಿ ಹೆಜ್ಜೆಯಿಡುತ್ತಾರೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಆಡಳಿತ ವರ್ಗವನ್ನು ಜೋರಾಗಿ ಬೈಯುವವರೇ ಮುಂದಾಳುಗಳೆಂದು ಭಾವಿಸಿ ಸಮಿತಿ ರಚಿಸಿದರೆ ಅದು ಹೆಚ್ಚು ದಿನ ಬಾಳುವುದಿಲ್ಲ. ಎಲ್ಲರೂ ನಂಬುವ ವ್ಯಕ್ತಿ ಅನೇಕ ವೇಳೆ ಸಂಘದ ಮಾತೆತ್ತಿದರೆ ಮುಖ ತಿರುಗಿಸುವ, ಕೆಲಸದಲ್ಲಿ ಪಳಗಿದ ಹಿರಿಯ ಕೆಲಸಗಾರ್ತಿಯಾಗಿರುತ್ತಾಳೆ; ಆಕೆಯ ಮನವೊಲಿಸಲು ಎಷ್ಟು ದಿನ ಹಿಡಿದರೂ ಸರಿಯೇ.

ಮಾತುಕತೆ ಒಬ್ಬೊಬ್ಬರೊಡನೆ, ಕೆಲಸದ ಸ್ಥಳದ ಹೊರಗೆ ಆಗಬೇಕು. "ಇಲ್ಲಿ ಒಂದೇ ಒಂದು ಸಂಗತಿ ಬದಲಾಗುವುದಾದರೆ ಯಾವುದು ಬದಲಾಗಬೇಕು?" ಎಂದು ಕೇಳಿ ಸುಮ್ಮನಿರಬೇಕು. ಓವರ್‌ಟೈಮ್ ಹಣ ಎಂಬ ಉತ್ತರ ಬಂದರೆ, ಅದು ಇದುವರೆಗೆ ಏಕೆ ಸರಿಹೋಗಿಲ್ಲ, ಒಬ್ಬರೇ ಹೋಗಿ ಕೇಳಿದಾಗ ಏನಾಯಿತು ಎಂದು ಮುಂದುವರಿಯಬೇಕು. (ಭಾಷಣ ಮಾಡುವ ಚಪಲವಿರುವವರನ್ನು ಈ ಕೆಲಸಕ್ಕೆ ಕಳುಹಿಸದಿರುವುದೇ ಲೇಸು.) ವಂತಿಗೆ ವ್ಯರ್ಥ, ಹೊರಗಿನವರ ಕುಮ್ಮಕ್ಕು, ಕಂಪನಿ ಮುಚ್ಚಿಹೋಗುತ್ತದೆ ಎಂಬ ಮಾತುಗಳು ಆಡಳಿತದಿಂದ ಬರಲಿವೆಯೆಂದು ಮೊದಲೇ ತಿಳಿಸಿದ್ದರೆ, ಅವು ಬಂದಾಗ ಅರ್ಧ ಬಲ ಕಳೆದುಕೊಂಡಿರುತ್ತವೆ.

ಬೆಂಬಲವನ್ನು ಬಾಯಿಮಾತಿನಿಂದ ಅಳೆಯಬಾರದು. ಕುಡಿಯುವ ನೀರಿನಂಥ ಸಣ್ಣ ಬೇಡಿಕೆಗೆ ಹೆಸರು ಬರೆದು ಸಹಿ ಹಾಕುವವರೆಷ್ಟು ಎಂಬುದು ನಿಜವಾದ ಲೆಕ್ಕ. ಅಮೆರಿಕದಲ್ಲಿ ಶೇ. 30ರಷ್ಟು ನೌಕರರ ಸಹಿಯಿದ್ದರೆ ಸಂಘದ ಮಾನ್ಯತೆಗಾಗಿ ಗುಪ್ತ ಮತದಾನ ಕೋರಬಹುದು. ಆದರೂ ಅನುಭವಿ ಸಂಘಟಕರು ಸ್ಪಷ್ಟ ಬಹುಮತದ ಸಹಿ ಕೈಸೇರುವವರೆಗೆ ಅರ್ಜಿ ಹಾಕುವುದಿಲ್ಲ. ಅರ್ಜಿ ಬಹಿರಂಗವಾದ ಮೇಲೆ ಒತ್ತಡ ಹೆಚ್ಚಿ ಬೆಂಬಲ ಕರಗುವುದು ಅವರಿಗೆ ಗೊತ್ತು.

ಮಾನ್ಯತೆ ಸಿಕ್ಕರೂ ಮಾಲೀಕರೊಡನೆ ಬೇಡಿಕೆಗಳ ಒಪ್ಪಂದ ಕೈಗೆ ಬಂದಂತಲ್ಲ. ಅಮೆರಿಕದ ಕಾನೂನು ಮಾಲೀಕರನ್ನು ಪ್ರಾಮಾಣಿಕ ಮಾತುಕತೆಗೆ ಕೂರಿಸಬಲ್ಲದೇ ಹೊರತು ಬೇಡಿಕೆಗೆ ಒಪ್ಪಿಸಲಾರದು. ಆದ್ದರಿಂದ ಸಹಿ ಸಂಗ್ರಹಿಸಿದ ಸಮಿತಿಯನ್ನು ಮೊದಲ ಒಪ್ಪಂದ ಆಗುವವರೆಗೂ ಪ್ರತಿ ಪಾಳಿಯಲ್ಲಿ ಹಾಗೆಯೇ ಉಳಿಸಿಕೊಳ್ಳಬೇಕಾಗುತ್ತದೆ.